ಕುರುಬರಹಳ್ಳಿಯಿಂದ ಕೆಂಗೇರಿಗೆ, ಒಂದು ದಿನದ ಪಾಸಿನಲ್ಲಿ

ಅರಸೀಕೆರೆಯಲ್ಲಿ ನಸುಕಿನ ರೈಲು ಹತ್ತಿ ಯಶವಂತಪುರದಲ್ಲಿ ಇಳಿದಾಗ ಎಂಟು ಗಂಟೆ ದಾಟಿತ್ತು. ಆಷಾಢದ ಗಾಳಿ ಬೀಸುತ್ತಿತ್ತು. ಮಳೆ ಎನ್ನುವಂತಿರಲಿಲ್ಲ, ಅಂಗಿಯ ಭುಜ ಒದ್ದೆಯಾಗುವಷ್ಟು ಹನಿ. ನನ್ನ ಅಕ್ಕ ಸರೋಜಮ್ಮ ಕೆಂಗೇರಿಯ ಒಂದು ಆಸ್ಪತ್ರೆಯಲ್ಲಿದ್ದಳು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪಿ, ಮಾತು ನಿಂತು, ಮೂರನೇ ವಾರ ನಡೆಯುತ್ತಿತ್ತು. ಅವಳನ್ನು ನೋಡಿ, ಕುರುಬರಹಳ್ಳಿಯ ಮನೆಯಲ್ಲಿ ಒಬ್ಬರೇ ಇದ್ದ ಭಾವನಿಗೆ ಕೆಲವು ದಿನ ಜೊತೆಯಾಗಿ ಬರೋಣವೆಂದು ಹೊರಟಿದ್ದೆ.

ನಿಲ್ದಾಣದಿಂದ ಮೆಟ್ರೊಗೆ ನಡೆದುಕೊಂಡೇ ಹೋಗಬಹುದು. ಟಿಕೆಟ್ ಕೌಂಟರಿನ ಬಳಿ ಒಂದು ದಿನದ, ಮೂರು ದಿನದ, ಐದು ದಿನದ ಪಾಸುಗಳ ವಿವರ ಹಾಕಿದ್ದರು. ಊರು ನೋಡಲು ಬಂದವರು ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಲಿ ಎಂದು ಮಾಡಿದ್ದು. ಆದರೆ ಸಾಲಿನಲ್ಲಿ ನನ್ನ ಮುಂದಿದ್ದವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಒಬ್ಬರ ಕೈಯಲ್ಲಿ ಫ್ಲಾಸ್ಕು, ಇನ್ನೊಬ್ಬರ ಕಂಕುಳಲ್ಲಿ ಎಕ್ಸ್‌ರೇ ಕವರು ಇತ್ತು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರಲ್ಲಿ ಅರ್ಧಕ್ಕರ್ಧ ಜನ ಇಂಥ ಕೆಲಸಕ್ಕೇ ಹೋಗುವವರು. ಅವರಿಗೆ ಉಪಯೋಗವಾಗಲಿ ಎಂದು ಈ ಪಾಸುಗಳ ವಿಷಯವನ್ನೂ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು: "ಎಷ್ಟ್ ದಿನ ಇರ್ತೀರಾ ಸಾರ್?"

"ಗೊತ್ತಿಲ್ಲಮ್ಮ."

"ಎಲ್ಲೆಲ್ಲಿ ನೋಡ್ಬೇಕು?"

"ಆಸ್ಪತ್ರೆ ಒಂದೇ. ಕೆಂಗೇರಿ."

ಅವಳು ನನ್ನ ಮುಖ ನೋಡಿದಳು. "ಹಂಗಾದ್ರೆ ಪಾಸ್ ಬೇಡ, ಕಾರ್ಡ್ ತಗೊಳ್ಳಿ. ದಿನ ಲೆಕ್ಕ ಇರಲ್ಲ. ಮಿಕ್ಕಿದ್ದು ಅದ್ರಲ್ಲೇ ಇರತ್ತೆ, ಇನ್ನೊಂದ್ಸಲ ಬಂದಾಗ ಆಗತ್ತೆ."

ಕಾರ್ಡ್ ಇದ್ದವರಿಗೆ ದರದಲ್ಲಿ ಶೇಕಡ ಐದು ಕಡಿಮೆ. ನೂಕುನುಗ್ಗಲು ಇಲ್ಲದ ಹೊತ್ತಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕಾರ್ಡ್ ತೆಗೆದುಕೊಂಡು ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ಕುರುಬರಹಳ್ಳಿಗೆ ಹದಿನೈದು ನಿಮಿಷದ ನಡಿಗೆ.

ಭಾವನ ಹೆಸರು ನಂಜುಂಡಪ್ಪ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಲೇತ್ ಕೆಲಸ ಮಾಡಿ ಬಿಟ್ಟವರು, ಅರವತ್ತು ದಾಟಿದವರು. ಕೆಲಸಕ್ಕೆ ಇಡೀ ಆಯಸ್ಸು ಸೈಕಲ್ಲಿನಲ್ಲಿ, ಆಮೇಲೆ ಮೊಪೆಡ್ಡಿನಲ್ಲಿ ಹೋದವರಿಗೆ ಬಸ್ಸಿನ ಅಭ್ಯಾಸವಿಲ್ಲ. ನಾನು ಹೋದಾಗ ಅವರು ಬಾಗಿಲಲ್ಲೇ ಚಪ್ಪಲಿ ಮೆಟ್ಟಿ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಒಂದು ನೈಟಿ, ಒಂದು ಟವೆಲ್, ಗಂಜಿ ತುಂಬಿದ ಫ್ಲಾಸ್ಕು. ಅಷ್ಟೇ.

"ಬಾ ಮಂಜು. ಕಾಫಿ ಆಮೇಲೆ ಕುಡಿಯೋಣ. ಹನ್ನೊಂದಕ್ಕೆ ಒಳಗ್ ಬಿಡ್ತಾರೆ."

"ಇನ್ನೇನಾದ್ರೂ ತಗೊಂಡ್ ಹೋಗೋದಿದ್ಯಾ ಭಾವ? ನಾನು ಹಿಡ್ಕೋತೀನಿ."

"ಏನಕ್ಕೆ? ನಾಳೆ ನಾಡಿದ್ದು ಮನೆಗೇ ಬರ್ತಾಳಲ್ಲ."

ಕುರುಬರಹಳ್ಳಿಯಿಂದ ಬಸವೇಶ್ವರನಗರದ ಮೇಲೆ ವಿಜಯನಗರಕ್ಕೆ ಒಂದು ಬಸ್ಸು. ಅಲ್ಲಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಗೆ ಇನ್ನೊಂದು. ಆಸ್ಪತ್ರೆ ಬಸ್ ನಿಲ್ದಾಣದಿಂದಲೂ ಒಳಗಿದ್ದುದರಿಂದ ಕೊನೆಗೊಂದು ಚಿಕ್ಕ ಬಸ್ಸು. ಹೀಗೆ ಮೂರು ಸಲ ಹತ್ತಿ ಇಳಿಯುವವರಿಗೆ ಬಿಡಿ ಟಿಕೆಟ್ಟು ದುಬಾರಿ. ಕಂಡಕ್ಟರೇ ಬಸ್ಸಿನಲ್ಲಿ ಕೊಡುವ ದಿನದ ಪಾಸು, ಅಂದರೆ ಬೆಂಗಳೂರಿನವರ ಬಾಯಲ್ಲಿ ಡೈಲಿ ಪಾಸು, ನಾನು ಹೋದಾಗ ಎಂಬತ್ತು ರೂಪಾಯಿ ಇತ್ತು. ಸಾಮಾನ್ಯ ಬಸ್ಸುಗಳಲ್ಲಿ ಇಡೀ ದಿನ ಓಡಾಡಬಹುದು. ಅದು ಮೆಟ್ರೊದಲ್ಲಿ ನಡೆಯುವುದಿಲ್ಲ, ಮೆಟ್ರೊ ಪಾಸು ಬಸ್ಸಿನಲ್ಲಿ ನಡೆಯುವುದಿಲ್ಲ. ಹೊಸಬರು ಇದನ್ನು ನೆನಪಿಡಬೇಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರು ಈ ಬಸ್ಸುಗಳಲ್ಲಿ ಹಣ ಕೊಡಬೇಕಿಲ್ಲ.

ಭಾವ ಎರಡು ಡೈಲಿ ಪಾಸು ಕೇಳಿದರು. ಕಂಡಕ್ಟರ್ ಹೆಂಗಸು ಯಂತ್ರ ಒತ್ತುತ್ತಾ, "ಅಂಕಲ್, ದಿನಾ ನನ್ ಬಸ್ಸಲ್ಲೇ ಬರ್ತೀರಾ, ದಿನಾ ಡೈಲಿ ತಗೋತೀರಾ. ಮಂತ್ಲಿ ಮಾಡಿಸ್ಕೊಳ್ಳಿ ಅಂತ ಎಷ್ಟ್ ಸಲ ಹೇಳ್ಲಿ?" ಎಂದರು.

ಮುಂದಿನ ಸೀಟಿನಲ್ಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಹೆಂಗಸು ತಿರುಗಿ ನಕ್ಕರು. "ಅದೆಲ್ಲ ಬೇಡ ಬಿಡಣ್ಣ. ನಾಳೆಯಿಂದ ಸೀರೆ ಉಟ್ಕೊಂಡ್ ಬಂದ್ಬಿಡಿ, ಫ್ರೀ."

ಬಸ್ಸಿನಲ್ಲಿ ನಾಲ್ಕಾರು ಜನ ನಕ್ಕರು. ಭಾವನೂ ನಕ್ಕರು. ಆ ನಗು ಇರುವಾಗಲೇ ನಾನು, "ಅವ್ರು ಹೇಳೋದು ಸರಿ ಭಾವ. ತಿಂಗಳದ್ದು ಹನ್ನೆರಡು ನೂರು, ಹಿರಿಯರಿಗೆ ಇನ್ನೂ ಕಮ್ಮಿ. ಅದು ಬೇಡ ಅಂದ್ರೆ ವಾರದ್ದೂ ಇದೆ, ಮುನ್ನೂರೈವತ್ತು" ಎಂದೆ. ಭಾವನ ಮುಖದಿಂದ ನಗು ಹೋಯಿತು.

"ವಾರ ಯಾಕೆ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು.

ವಿಜಯನಗರದಲ್ಲಿ ಇಳಿದು, ಬಸ್ ನಿಲ್ದಾಣದ ಎದುರಿನ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದೆವು. ಒಂದು ಕಾಫಿಯನ್ನೇ ಇಬ್ಬರಿಗೆ ಬೈಟು ಹೇಳಿದರು. ಅರ್ಧ ಕುಡಿದು, ಲೋಟ ಕೆಳಗಿಟ್ಟು, ಭಾವ ತಾವಾಗಿಯೇ ಹೇಳಿದರು.

"ನೋಡು ಮಂಜು, ನನಗೆ ಲೆಕ್ಕ ಬರಲ್ಲ ಅಂತಲ್ಲ. ಕೆಂಗೇರಿಗೆ ತಂದಾಗ ಡಾಕ್ಟ್ರು ಏನಂದ್ರು? ಎರಡು ದಿನ ನೋಡೋಣ ಅಂದ್ರು. ಎರಡು ದಿನ. ನಾನು ತಿಂಗಳ ಪಾಸ್ ತಗೊಂಡ್ರೆ ತಿಂಗಳು ಅವಳು ಅಲ್ಲೇ ಬಿದ್ದಿರ್ಲಿ ಅಂತ ನಾನೇ ಬರ್ಕೊಟ್ಟಂಗೆ. ಬರ್ಕೊಡಲ್ಲ."

ವೈದ್ಯರು ಎರಡು ದಿನ ಎಂದದ್ದು ಎರಡು ದಿನವೆಂಬ ಅರ್ಥದಲ್ಲಿ ಅಲ್ಲ ಎಂಬುದು ಅವರಿಗೂ ಗೊತ್ತಿದ್ದಿರಬೇಕು.

ಆಸ್ಪತ್ರೆ ಮೂರು ಮಹಡಿಯದು. ಎರಡನೆಯ ಮಹಡಿಯಲ್ಲಿ ಕೈಕಾಲು ಪಳಗಿಸುವ, ಮಾತು ಕಲಿಸುವ ವಾರ್ಡು. ಕಿಟಕಿಯಾಚೆ ಮೆಟ್ರೊ ಸೇತುವೆ ಕಾಣುತ್ತಿತ್ತು. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಎಡಗೈ ಎತ್ತಿದಳು. ಬಾಯಿ ತೆರೆದಳು, ಬಂದದ್ದು "ನೀರು" ಎಂಬ ಮಾತು. ನೀರು ಕೊಟ್ಟರೆ ತಲೆಯಾಡಿಸಿ ಬೇಡವೆಂದಳು. ಮಂಜು ಎನ್ನಲು ಹೋಗಿ ನೀರು ಎಂದಿದ್ದಳು ಎಂದು ಆಮೇಲೆ ತಿಳಿಯಿತು. ಮನಸ್ಸಿನಲ್ಲಿರುವ ಪದ ಬೇರೆ, ನಾಲಿಗೆಗೆ ಬರುವುದು ಬೇರೆ.

ಮಾತು ಕಲಿಸುವ ದಿವ್ಯಾ ಎಂಬ ಹುಡುಗಿ ಮಧ್ಯಾಹ್ನ ಬಂದಳು. ಅಂಗೈಯಗಲದ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು, "ಇದೇನು ಆಂಟಿ?" ಎಂದು ಕೇಳಿದಳು. ಚಮಚ, ಬೀಗ, ಬಾಚಣಿಗೆ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, ಮುಖ ತಿರುಗಿಸಿದಳು. ಒಂದಕ್ಕೂ ಉತ್ತರ ಬರಲಿಲ್ಲ. ದಿವ್ಯಾ ಬರೆದುಕೊಂಡಳು. ಭಾವ ಕಿಟಕಿಯ ಬಳಿ ಹೋಗಿ ನಿಂತರು.

ನನಗೆ ಆಗ ಹೊಳೆದದ್ದು ಒಂದು ಸಣ್ಣ ಸಂಗತಿ. ಅಕ್ಕನ ಮೂಗಿನ ಮೇಲೆ ಕನ್ನಡಕ ಇರಲಿಲ್ಲ.

ಸಂಜೆ ಹೊರಡುವ ಹೊತ್ತಿಗೆ, "ಬರ್ತೀನಿ ಅಕ್ಕ" ಎನ್ನಲು ಬಾಯಿ ತೆರೆದೆ. ಭಾವ ನನ್ನ ಮಣಿಕಟ್ಟು ಹಿಡಿದು ಹೊರಗೆ ಕರೆತಂದರು.

"ಇಲ್ಲಿ ಬರ್ತೀನಿ ಅನ್ಬಾರ್ದು."

ಸಾವಿನ ಮನೆಯಿಂದ ಹೊರಡುವಾಗ ನಮ್ಮವರು ಹಾಗೆನ್ನುವುದಿಲ್ಲ. ಆಸ್ಪತ್ರೆಗೂ ಅದೇ ಎನ್ನುವವರಿದ್ದಾರೆ. ಬರ್ತೀನಿ ಎಂದರೆ ಮತ್ತೆ ಬರುವ ಹಾಗಾಗುತ್ತದೆ ಎಂಬ ಭಯ. ಭಾವ ಮೂರು ವಾರದಿಂದ ಪ್ರತಿ ಸಂಜೆ ಫ್ಲಾಸ್ಕು ಎತ್ತಿಕೊಂಡು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದರು. ಬಾಗಿಲಿನಿಂದ ಹಿಂತಿರುಗಿ ನೋಡಿದೆ. ಅಕ್ಕನ ಕಣ್ಣು ನಮ್ಮ ಮೇಲೇ ಇತ್ತು.

ಮನೆಗೆ ಬಂದ ಮೇಲೆ ಕನ್ನಡಕದ ವಿಷಯ ಕೇಳಿದೆ. ಹೊಸ ಗಾಜು ಹಾಕಿಸಲು ಅಕ್ಕನೇ ಕಾಮಾಕ್ಷಿಪಾಳ್ಯದ ಅಂಗಡಿಯಲ್ಲಿ ಕೊಟ್ಟಿದ್ದಳಂತೆ, ಆ ವಾರವೇ ಹೀಗಾಯಿತಂತೆ. ಚೀಟಿ ಟೀವಿಯ ಪಕ್ಕದಲ್ಲೇ ಇತ್ತು.

"ಅವಳದ್ದಲ್ವಾ, ಬಂದು ಅವಳೇ ಇಸ್ಕೋತಾಳೆ ಅಂತ ಬಿಟ್ಟಿದ್ದೆ" ಎಂದರು ಭಾವ. ಆಮೇಲೆ, "ನೀನ್ ಬೇಕಾದ್ರೆ ಇಸ್ಕೊಂಡ್ ಬಾ" ಎಂದು ಚೀಟಿ ಕೊಟ್ಟರು.

ಮರುದಿನ ಶುಕ್ರವಾರ. ಭಾವ ಎಂದಿನಂತೆ ಚೀಲ ಹಿಡಿದು ಮೊದಲೇ ಹೊರಟರು. ನಾನು ಬೇರೆ ಬಸ್ಸಿನಲ್ಲಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಮಾಗಡಿ ರಸ್ತೆಯಲ್ಲಿ ಬಸ್ಸು ಇಳಿದರೆ ಎರಡೂ ಬದಿಯ ಸಂದುಗಳಿಂದ ಹೊಲಿಗೆ ಯಂತ್ರದ ಸದ್ದು ಬರುತ್ತದೆ. ಅಲ್ಲಿನ ಒಂದು ಗಾರ್ಮೆಂಟ್ಸಿನಲ್ಲಿ ಅಕ್ಕ ಬಟ್ಟೆ ತಪಾಸಣೆಯ ವಿಭಾಗದ ಮೇಲ್ವಿಚಾರಕಿಯಾಗಿದ್ದಳು. ಹೆಂಗಸರಿಗೆ ಬಸ್ಸು ಉಚಿತವಾಗುವ ಮೊದಲಿನ ಕಾಲ ಅದು. ನಾನು ರಜೆಗೆ ಹೋದಾಗ ನೋಡಿದ್ದೇನೆ: ಸಂಬಳ ಬಂದ ಸಂಜೆ ವಿಜಯನಗರಕ್ಕೆ ಹೋಗಿ, ಸಾಲಿನಲ್ಲಿ ನಿಂತು ಮುಂದಿನ ತಿಂಗಳ ಪಾಸು ತೆಗೆದುಕೊಂಡು ಬಂದ ಮೇಲೆಯೇ ಅವಳು ಅಂಗಡಿ ಸಾಮಾನಿಗೆ ಕೈ ಹಾಕುತ್ತಿದ್ದದ್ದು. ಬಿಡಿ ಟಿಕೆಟ್ಟಿಗೆ ಕೊಟ್ಟ ದುಡ್ಡನ್ನು ಅವಳು ದಂಡ ಎನ್ನುತ್ತಿದ್ದಳು.

ಕನ್ನಡಕದ ಅಂಗಡಿಯವರು ಚೀಟಿ ನೋಡಿ, "ಏನ್ ಸಾರ್, ಮೇಡಂ ಈ ಸಲ ಮರ್ತೇಬಿಟ್ರಾ? ಅರ್ಧ ದಿನ ಲೇಟಾದ್ರೆ ಫೋನ್ ಮಾಡಿ ಬಯ್ಯೋರು" ಎಂದರು. ಆದದ್ದನ್ನು ಹೇಳಿದೆ. ಅವರು ಗಾಜನ್ನು ಇನ್ನೊಮ್ಮೆ ಒರೆಸಿ, ಡಬ್ಬಿಯಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟರು.

ಅಲ್ಲಿಂದ ವಿಜಯನಗರದವರೆಗೆ ಬಸ್ಸು, ಆಮೇಲೆ ಮೆಟ್ರೊ. ಬಸ್ಸಿನಲ್ಲಿ ಮೈಸೂರು ರಸ್ತೆಯ ದಟ್ಟಣೆ ಮುಕ್ಕಾಲು ಗಂಟೆಯೂ ತಿನ್ನಬಹುದು. ಮೆಟ್ರೊದಲ್ಲಿ ಅರ್ಧ ಗಂಟೆಯೊಳಗೆ ಕೆಂಗೇರಿ ಸಿಗುತ್ತದೆ. ನಾಯಂಡಹಳ್ಳಿ ದಾಟಿದ ಮೇಲೆ ಎಡಕ್ಕೂ ಬಲಕ್ಕೂ ಆಕಾಶ ಅಗಲವಾಗುತ್ತದೆ. ಹೊತ್ತಿನ ಬೆಲೆ ಹೆಚ್ಚು ಎನ್ನುವವರು ಮೆಟ್ರೊ ಕಾರ್ಡನ್ನು, ದುಡ್ಡಿನ ಬೆಲೆ ಹೆಚ್ಚು ಎನ್ನುವವರು ಬಸ್ಸಿನ ಪಾಸನ್ನು ಆರಿಸಿಕೊಳ್ಳಬಹುದು. ಆಸ್ಪತ್ರೆಗೆ ಹೋಗುವವರಿಗೆ ಹೊತ್ತು, ದುಡ್ಡು ಎರಡೂ ಕಡಿಮೆಯೇ ಇರುತ್ತವೆ.

ನಾನು ಹೋದಾಗ ದಿವ್ಯಾ ಬಂದು ಹೋಗಿಯಾಗಿತ್ತು. ಭಾವ ಔಷಧಿ ಅಂಗಡಿಗೆ ಇಳಿದಿದ್ದರು. ಕನ್ನಡಕ ಹಾಕಿದೆ. ಅಕ್ಕ ನನ್ನನ್ನು, ಗೋಡೆಯ ಗಡಿಯಾರವನ್ನು, ತನ್ನ ಬಲಗೈಯನ್ನು ಒಂದೊಂದಾಗಿ ನೋಡಿದಳು. ಬಲಗೈಯನ್ನು ಬಹಳ ಹೊತ್ತು ನೋಡಿದಳು. ಹಾಸಿಗೆಯ ಹೊದಿಕೆ ಸರಿಪಡಿಸುತ್ತಿದ್ದ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದರು.

"ಸಾರ್, ಬೇಜಾರ್ ಮಾಡ್ಕೋಬೇಡಿ. ಅಂಕಲ್ ಸಾಯಂಕಾಲ ಏನೂ ಹೇಳ್ದೆ ಎದ್ದು ಹೋಗ್ತಾರಲ್ಲ, ಆಮೇಲೆ ಆಂಟಿ ಊಟಾನೇ ಮಾಡಲ್ಲ. ಬಾಗ್ಲು ನೋಡ್ತಾ ಇರ್ತಾರೆ. ನಾಳೆ ಬರ್ತಾರೆ ಆಂಟಿ ಅಂತ ನಾವ್ ಹೇಳಿದ್ರೆ ನಂಬಲ್ಲ. ಅವ್ರೇ ಒಂದ್ ಮಾತು ಹೇಳಿ ಹೋದ್ರೆ ಚೆನ್ನಾಗಿರತ್ತೆ."

ಇದನ್ನು ಭಾವನಿಗೆ ಹೇಗೆ ಹೇಳುವುದು ಎಂದು ತಿಳಿಯಲಿಲ್ಲ. ಅವಳು ಮನೆಗೆ ಬರಲಿ ಎಂದೇ ಅವರು ಆ ಮಾತು ನುಂಗುತ್ತಿದ್ದರು; ಆ ಮಾತಿಲ್ಲದೆ ಅವಳು ಅನ್ನ ಬಿಟ್ಟಿದ್ದಳು. ಆ ಸಂಜೆಯೂ ಭಾವ ಎದ್ದು ಹೋದರು. ಬಸ್ಸಿನಲ್ಲಿ ಕೂತ ಮೇಲೆ ನರ್ಸ್ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ. ಅವರು ಕೇಳಿಸಿಕೊಂಡರು. ರಾಜರಾಜೇಶ್ವರಿನಗರದ ಕಮಾನು ದಾಟಿದ ಮೇಲೆ, "ಶಾಸ್ತ್ರ ಅಂತ ಒಂದಿರತ್ತಲ್ಲಪ್ಪ" ಎಂದರು. ಅವರ ಧ್ವನಿಯಲ್ಲಿ ಗಟ್ಟಿತನವಿರಲಿಲ್ಲ.

ಶನಿವಾರ ಮಳೆ ಸ್ವಲ್ಪ ಜೋರಾಗಿತ್ತು. ಇಬ್ಬರೂ ಒಟ್ಟಿಗೆ ಹೋದೆವು, ಇಬ್ಬರಿಗೂ ಡೈಲಿ ಪಾಸು. ಕಂಡಕ್ಟರ್ ಯಂತ್ರ ಒತ್ತಿ ಹರಿದು ಕೊಟ್ಟರು. ಭಾವ ಅದನ್ನು ಎಂದಿನಂತೆ ಅಂಗಿಯ ಜೇಬಿನಲ್ಲಿಟ್ಟರು.

ದಿವ್ಯಾ ಹನ್ನೆರಡಕ್ಕೆ ಬಂದಳು. ಅಕ್ಕನ ಕನ್ನಡಕ ನೋಡಿ, "ಅಯ್ಯೋ, ಆಂಟಿ ಕನ್ನಡಕ ಹಾಕ್ತಾರಾ? ನಂಗೆ ಗೊತ್ತೇ ಇರ್ಲಿಲ್ಲ" ಎಂದು ಕಾರ್ಡುಗಳನ್ನು ಮೊದಲಿನಿಂದ ಹಿಡಿದಳು. ಚಮಚಕ್ಕೆ ಅಕ್ಕ "ಊಟ" ಎಂದಳು. ಬೀಗಕ್ಕೆ ಬಹಳ ಹೊತ್ತು ಯೋಚಿಸಿ "ಮನೆ" ಎಂದಳು. "ಹತ್ರ ಬಂತು ಆಂಟಿ, ಹತ್ರ ಬಂತು" ಎಂದಳು ದಿವ್ಯಾ. ಬಾಚಣಿಗೆಗೆ ಏನೂ ಬರಲಿಲ್ಲ. ಅಕ್ಕನಿಗೆ ದಣಿವಾಗಿತ್ತು.

ದಿವ್ಯಾ ಕಾರ್ಡುಗಳನ್ನು ಕೆಳಗಿಟ್ಟು, ಅಕ್ಕನಿಗೆ ಬಳಕೆಯ ವಸ್ತು ಏನಾದರೂ ಇದೆಯಾ ಎಂದು ಸುತ್ತ ನೋಡಿದಳು. ಏನೂ ಇರಲಿಲ್ಲ, ಮನೆಯಿಂದ ಏನೂ ಬಂದಿರಲಿಲ್ಲವಲ್ಲ. ಕೊನೆಗೆ ಭಾವನ ಜೇಬಿನಿಂದ ಇಣುಕುತ್ತಿದ್ದ ಕಾಗದ ಕಂಡು, "ಅಂಕಲ್, ಅದು ಕೊಡಿ ಒಂದ್ನಿಮಿಷ" ಎಂದು ಇಸಿದುಕೊಂಡು ಅಕ್ಕನ ಮುಂದೆ ಹಿಡಿದಳು.

"ಇದೇನು ಆಂಟಿ?"

ಅಕ್ಕ ಎಡಗೈಯಿಂದ ಕಾಗದ ತೆಗೆದುಕೊಂಡಳು. ಕನ್ನಡಕದ ಹತ್ತಿರ ತಂದು ಓದಿದಳು. ಹುಬ್ಬು ಗಂಟಿಕ್ಕಿತು. ಆ ಗಂಟು ನನಗೆ ಪರಿಚಯದ್ದು. ಗಾರ್ಮೆಂಟ್ಸಿನಲ್ಲಿ ಹೊಲಿಗೆ ತಪ್ಪಿದ ಅಂಗಿ ಕೈಗೆ ಬಂದಾಗ ಬರುತ್ತಿದ್ದದ್ದು.

"ಡೈಲಿ" ಎಂದಳು.

ಸ್ಪಷ್ಟವಾಗಿ. ದಿವ್ಯಾ ಬರೆಯುವುದನ್ನು ನಿಲ್ಲಿಸಿದಳು.

ಅಕ್ಕ ಭಾವನ ಕಡೆ ತಿರುಗಿದಳು. ತುಟಿ ಒಂದು ಬದಿಗೆ ಎಳೆಯಿತು. "ದಂಡ" ಎಂದಳು. ಇನ್ನೂ ಏನೋ ಬರಬೇಕಿತ್ತು. ಅದಕ್ಕಾಗಿ ಅವಳು ಕಣ್ಣು ಮುಚ್ಚಿ, ಕುತ್ತಿಗೆಯ ನರ ಬಿಗಿದು ಹುಡುಕಿದಳು.

"ಮಂತ್ಲಿ."

"ಏನಂದೆ?" ಎಂದರು ಭಾವ.

"ಮಂತ್ಲಿ" ಎಂದಳು ಮತ್ತೆ, ಸಿಡುಕಿನಿಂದ, ಕಿವಿ ಕೇಳದವರಿಗೆ ಹೇಳುವಂತೆ.

ಗಂಡ ದುಡ್ಡು ಹಾಳು ಮಾಡುತ್ತಿರುವುದಕ್ಕೆ ಅವಳು ಬೈದಳೋ, ತಾನು ಇಲ್ಲಿ ತಿಂಗಳಿರಬೇಕಾದದ್ದು ತನಗೆ ಗೊತ್ತಿದೆ ಎಂದಳೋ ನನಗೆ ತಿಳಿಯದು. ಎರಡೂ ಒಂದೇ ಪದದಲ್ಲಿ ಇದ್ದಿರಬಹುದು. ಭಾವ ಮಂಚದ ಅಂಚಿನಲ್ಲಿ ಕೂತು ಆ ಕಾಗದವನ್ನು ಅವಳ ಕೈಯಿಂದ ಬಿಡಿಸಿಕೊಂಡರು. ಕೈಯನ್ನು ಬಿಡಲಿಲ್ಲ.

ಸಂಜೆ ಆರಕ್ಕೆ ಗಂಟೆ ಹೊಡೆಯಿತು. ಭಾವ ಫ್ಲಾಸ್ಕು ಎತ್ತಿಕೊಂಡರು. ಚೀಲ ಹೆಗಲಿಗೆ ಹಾಕಿದರು. ಬಾಗಿಲವರೆಗೆ ಎಂದಿನಂತೆ ಸುಮ್ಮನೆ ನಡೆದರು. ಅಲ್ಲಿ ನಿಂತರು. ತಿರುಗಿ ಮಂಚದ ಹತ್ತಿರ ಬಂದರು.

"ಬರ್ತೀನಿ ಕಣೇ" ಎಂದರು. "ನಾಳೆ ಬರ್ತೀನಿ. ಊಟ ಮಾಡು."

ಅಕ್ಕ ತಲೆಯಾಡಿಸಿದಳು. ಅವಳು ಬಾಗಿಲಿನ ಕಡೆ ನೋಡಲಿಲ್ಲ. ಗಡಿಯಾರದ ಕಡೆ ನೋಡಿದಳು, ಊಟಕ್ಕೆ ಎಷ್ಟು ಹೊತ್ತಿದೆ ಎನ್ನುವಂತೆ.

ಕೆಂಗೇರಿ ಬಸ್ ನಿಲ್ದಾಣದ ಪಾಸ್ ಕೌಂಟರ್ ಇನ್ನೂ ತೆರೆದಿತ್ತು. ಸಾಲು ಚಿಕ್ಕದಿತ್ತು. ಭಾವ ನನ್ನನ್ನೇನೂ ಕೇಳದೆ ಹೋಗಿ ನಿಂತರು. ಆಧಾರ್ ಕಾರ್ಡ್ ತೆಗೆದು ಕಿಂಡಿಯೊಳಗೆ ಕೊಟ್ಟರು. ಹಿರಿಯ ನಾಗರಿಕರಿಗೆ ತಿಂಗಳ ಪಾಸು ಸಾವಿರದ ಎಂಬತ್ತು ರೂಪಾಯಿ. ವಯಸ್ಸಿನ ದಾಖಲೆ ಬೇಕು. ಈಗ ತಿಂಗಳ ಯಾವ ದಿನದಿಂದ ಬೇಕಾದರೂ ಪಾಸು ಮಾಡಿಸಬಹುದು, ಒಂದನೇ ತಾರೀಕಿಗೆ ಕಾಯಬೇಕಿಲ್ಲ.

"ಯಾವತ್ತಿಂದ ಹಾಕ್ಲಿ ಯಜಮಾನ್ರೇ?" ಎಂದು ಒಳಗಿದ್ದವರು ಕೇಳಿದರು.

ಭಾವ ಜೇಬು ಮುಟ್ಟಿ ನೋಡಿಕೊಂಡರು. "ಇವತ್ತಿಂದು ಇದೆ. ನಾಳೆಯಿಂದ ಹಾಕಿ."

ಭಾನುವಾರ ಬೆಳಿಗ್ಗೆ ನಾನು ಊರಿಗೆ ಹೊರಟೆ. ಭಾವ ಮಹಾಲಕ್ಷ್ಮಿ ನಿಲ್ದಾಣದ ಕೆಳಗಿನವರೆಗೆ ಬಂದರು. ಅವರು ಅಲ್ಲಿಂದಲೇ ವಿಜಯನಗರದ ಬಸ್ಸು ಹಿಡಿಯುವವರಿದ್ದರು. ಕೈಯಲ್ಲಿ ದಿನದ ಚೀಲವಿರಲಿಲ್ಲ. ಬದಲಿಗೆ ಒಂದು ಹಳೆಯ ದೊಡ್ಡ ಬ್ಯಾಗು ಇತ್ತು. ಅದರಲ್ಲಿ ನಾಲ್ಕು ನೈಟಿ, ಅಕ್ಕನ ಬಾಚಣಿಗೆ, ಸ್ಟೀಲ್ ಲೋಟ, ಒಂದು ಚಿಕ್ಕ ರೇಡಿಯೊ. ಅವಳ ದಿಂಬು ಅದರಲ್ಲಿ ಹಿಡಿಯದೆ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ನನ್ನ ಮೆಟ್ರೊ ಕಾರ್ಡಿನಲ್ಲಿ ಇನ್ನೂ ಹಣ ಉಳಿದಿತ್ತು. ತಿರುಗಿ ಕೊಡಲಿಲ್ಲ, ಇಟ್ಟುಕೊಂಡಿದ್ದೇನೆ.

"ಬರ್ತೀನಿ ಭಾವ."

"ಬಾ. ದೀಪಾವಳಿಗಾದ್ರೂ ಬಾ. ಅಷ್ಟೊತ್ತಿಗೆ ಬಯ್ಯಕ್ಕೆ ಪೂರ್ತಿ ಮಾತು ಬಂದಿರತ್ತೆ ಅವಳಿಗೆ."

ಮೇಲಿನ ಪ್ಲಾಟ್‌ಫಾರ್ಮಿನಿಂದ ಕೆಳಗಿನ ರಸ್ತೆ ಕಾಣುತ್ತದೆ. ಹನಿ ನಿಂತಿತ್ತು. ವಿಜಯನಗರದ ಬಸ್ಸು ಬಂತು. ಭಾವ ದಿಂಬನ್ನು ಎದೆಗೆ ಅವಚಿಕೊಂಡು, ಬಲಗೈಯಲ್ಲಿ ಪಾಸನ್ನು ಮುಂದೆ ಹಿಡಿದು ಮೆಟ್ಟಿಲು ಹತ್ತಿದರು.